ಹಸಿರು ಬಳಿದ ನಟ್ಟುಗಳು

ಮೊದಲ ಏಟು ನನ್ನ ಬಲಗೈ ಮಣಿಕಟ್ಟಿಗೆ ಬಿತ್ತು. ಎಲುಬು ಮುರಿದ ಸದ್ದು ನನಗೇ ಕೇಳಿಸಿತು, ಒಣಗಿದ ಜೋಳದ ದಂಟು ಮುರಿದ ಹಾಗೆ. ಎರಡನೆಯದು ಬೆನ್ನಿಗೆ. ಬೀಳುವಾಗ ಟ್ರಕ್ಕಿನ ಬಂಪರಿಗೆ ಮುಖ ಬಡಿದು ಮುಂದಿನ ಹಲ್ಲೊಂದು ತುಂಡಾಯಿತು. ಬಾಯಿತುಂಬ ರಕ್ತ.

"ಕೀಲಿ ಕೊಡಲೇ ಮುದಕಾ," ಎಂದ ಹೊಡೆದವನು. ಅವನ ಕೈಯಲ್ಲಿದ್ದದ್ದು ನನ್ನದೇ ಗಾಲಿ ಬಿಚ್ಚುವ ಪಾನಾ.

"ಈ ಗಾಡಿಗೆ ಕೀಲಿ ಇರಂಗಿಲ್ಲೋ ತಮ್ಮಾ. ಮಿಲಿಟರಿದು. ಗುಂಡು ಹಾರೂ ಹೊತ್ತಿನ್ಯಾಗ ಕೀಲಿ ಹುಡಕ್ಕೋಂತ ಯಾರ ಕುಂಡ್ರತಾರ?"

ನಾನು ಖರೆಯನ್ನೇ ಹೇಳಿದ್ದೆ. ಚೇಷ್ಟೆ ಅಂದುಕೊಂಡು ಅವನು ಪಕ್ಕೆಗೆ ಒದ್ದ.

ಅವನು ಹುಲಿಗೇಶ, ಶಿರಹಟ್ಟಿ ತಾಲೂಕಿನ ಬೆಳ್ಳಟ್ಟಿಯವನು, ಮೂವತ್ತರ ಆಸುಪಾಸಿನ ಆಳು. ಟ್ರಕ್ಕು ಕೊಳ್ಳಲು ಹೋದಾಗ ಅವನನ್ನು ನೋಡಿದ್ದೆ. ಜೊತೆಗೆ ಬಂದಿದ್ದ ಗೆಳೆಯ ಸೋಮೇಶ ನನ್ನ ಎರಡರಷ್ಟು ದಪ್ಪ. ಮಟಮಟ ಮಧ್ಯಾಹ್ನ. ಬೆಟಗೇರಿಯಲ್ಲಿ ನನ್ನ ಮನೆಯ ಹಿಂದಿನ ತಗಡಿನ ಶೆಡ್ಡು. ನಾಲ್ಕೂ ಕಡೆ ವಿದ್ಯುತ್ ಮಗ್ಗಗಳು ಬಡಿದುಕೊಳ್ಳುವ ಓಣಿಯಲ್ಲಿ ಒಬ್ಬ ಮನುಷ್ಯ ಎಷ್ಟು ಕೂಗಿದರೂ ಕೇಳುವುದಿಲ್ಲ. ಹೆಂಡತಿ ಚಂದ್ರವ್ವ ಲಕ್ಕುಂಡಿಗೆ ತಂಗಿಯ ಮನೆಗೆ ಹೋಗಿದ್ದಳು.

ಹುಲಿಗೇಶ ಟ್ರಕ್ಕಿನ ಬಾಗಿಲ ಮುಂದೆ ನಿಂತು ಹಸಿರು ಬಣ್ಣವನ್ನು ಹೆಬ್ಬೆರಳಿನಿಂದ ತಿಕ್ಕಿದ. ಅಲ್ಲಿ ನಾನು ಬಿಳಿಯಲ್ಲಿ ಸೈನ್ಯದ ನಂಬರು ಬರೆಸಿದ್ದೆ.

"ಇಲ್ಲಿ ನಮ್ಮ ಅಜ್ಜನ ಹೆಸರಿತ್ತು. ಮೂಕಪ್ಪ, ಬೆಳ್ಳಟ್ಟಿ ಅಂತ. ಎಲ್ಲೈತದು?"

"ನಿಮ್ಮ ಕಾಕಾ ಮಾರ್ಯಾನಪಾ ನನಗ. ಕದ್ದು ತಂದಿಲ್ಲ."

"ಕಾಕಾ ಕಬ್ಬಣ ಮಾರ್ಯಾನ. ಹೆಸರು ಮಾರಿಲ್ಲ."

ಆರು ವರ್ಷದ ಹಿಂದೆ ಬೆಳ್ಳಟ್ಟಿಯ ಹೊಲದಲ್ಲಿ ನಾನು ಈ ಟ್ರಕ್ಕನ್ನು ಕಂಡಾಗ ಬೇವಿನ ಗಿಡವೊಂದು ಚಾಸಿಯೊಳಗಿಂದ ಬೆಳೆದು ನಿಂತಿತ್ತು. ಎರಡನೇ ಮಹಾಯುದ್ಧದ ಗಾಡಿ. ಸೈನ್ಯದವರು ಹರಾಜು ಹಾಕಿದಾಗ ಮೂಕಪ್ಪ ತಂದು ಅದರಲ್ಲಿ ಹತ್ತಿ ಹೇರಿದ್ದನಂತೆ. ನಾನು ಜೀವಮಾನವಿಡೀ ಮಗ್ಗ ರಿಪೇರಿ ಮಾಡಿದವನು. ಮಗ ದುಕಾನು ನೋಡಿಕೊಳ್ಳತೊಡಗಿದ ಮೇಲೆ ಕೈಗೆ ಕೆಲಸ ಬೇಕಾಗಿತ್ತು. ಗಿಡ ಕಡಿಸಿ, ಗಾಡಿ ಎಳೆಸಿ ತಂದು, ಇಲ್ಲದ ಸಾಮಾನನ್ನು ಲೇತಿನಲ್ಲಿ ಕಡೆಸಿ ಹಾಕಿದೆ. ನಾಲ್ಕನೇ ವರ್ಷ ಇಂಜಿನ್ನು ಕೆಮ್ಮಿ ಎದ್ದ ದಿನ ಓಣಿಯವರಿಗೆಲ್ಲ ಪೇಢೆ ಹಂಚಿದ್ದೆ.

ಗಾಲಿಯ ವಿದ್ಯೆ ಕಲಿಸಿದವನು ಟೈರಿನ ಅಂಗಡಿಯ ಮಲಂಗಸಾಬ. ಇಂಥ ಗಾಡಿಯ ಗಾಲಿಗೆ ಎರಡು ಸುತ್ತು ನಟ್ಟುಗಳಿರುತ್ತವೆ. ಒಳಗಿನ ಆರು ನಟ್ಟು ಗಾಲಿಯನ್ನು ಗಾಡಿಗೆ ಹಿಡಿದಿಡುತ್ತವೆ. ಹೊರಗಿನ ಹತ್ತು ನಟ್ಟು ಗಾಲಿಯ ಎರಡು ಕಬ್ಬಿಣದ ಹೋಳುಗಳನ್ನು ಒಂದಕ್ಕೊಂದು ಹಿಡಿದಿಡುತ್ತವೆ. ನಡುವೆ ಗಾಳಿ ತುಂಬಿದ ಟೈರು. ಗಾಳಿ ಇರುವಾಗ ಹೊರಗಿನವನ್ನು ಬಿಚ್ಚಿದರೆ ಮುಂದಿನ ಹೋಳು ತೋಪಿನ ಗುಂಡಿನ ಹಾಗೆ ಹಾರುತ್ತದೆ. ಅದಕ್ಕೇ ಸೈನ್ಯದವರು ಆ ಹತ್ತಕ್ಕೆ ಕೆಂಪು ಬಣ್ಣ ಹಚ್ಚುತ್ತಿದ್ದರು. ಮಲಂಗಸಾಬನ ಎಡಗಿವಿ ಇಲ್ಲ. "ನನ್ನ ಕಿವಿ ಹೋತು, ಅಣ್ಣನ ತಲಿನ ಹೋತು. ಕೆಂಪು ಕಂಡ್ರ ಮೊದಲ ಗಾಳಿ ಬಿಡ್ರಿ ಪಾಂಡಪ್ಪಣ್ಣಾ," ಎಂದಿದ್ದ.

ಈ ಸಲ ಜನವರಿ ಇಪ್ಪತ್ತಾರಕ್ಕೆ ಲಕ್ಷ್ಮೇಶ್ವರದ ಮೆರವಣಿಗೆಗೆ ಟ್ರಕ್ಕು ತರಲು ಕರೆದಿದ್ದರು. ಪೂರ್ತಿ ಹೊಸ ಬಣ್ಣ ಬಳಿದೆ. ಚಂದ್ರವ್ವ ನೋಡಿ, "ಎಲ್ಲಾ ಛಲೋ ಆತು, ಗಾಲಿಗೆ ಮಾತ್ರ ಲಿಪ್‌ಸ್ಟಿಕ್ ಹಚ್ಚಿದಂಗ ಕಾಣತೈತಿ ನೋಡ್ರಿ," ಎಂದು ನಕ್ಕಳು. ನನಗೂ ಹಾಗೇ ಕಂಡಿತು. ಬ್ರಷ್ ತಗೊಂಡು ಕೆಂಪು ನಟ್ಟುಗಳ ಮೇಲೂ ಹಸಿರು ಎಳೆದುಬಿಟ್ಟೆ. ಮಲಂಗಸಾಬ ಬಂದು ನೋಡಿ ಬಾಯಿಗೆ ಬಂದ ಹಾಗೆ ಬೈದ. "ಬಿಚ್ಚಾವ ನಾನೊಬ್ಬನ ಅಲ್ಲೇನೋ? ನನಗ ಗೊತ್ತೈತಲಾ," ಎಂದಿದ್ದೆ.

ಅದಾಗಿ ಹತ್ತೇ ದಿನ.

ಹುಲಿಗೇಶ ಕ್ಯಾಬಿನ್ನು ಹತ್ತಿ ಸ್ವಿಚ್ಚು ತಿರುವಿದ, ಸ್ಟಾರ್ಟರು ಒತ್ತಿದ. ಇಂಜಿನ್ನು ಗರಗರ ತಿರುಗಿತೇ ಹೊರತು ಹತ್ತಲಿಲ್ಲ. ಕೀಲಿ ಇಲ್ಲದ ಗಾಡಿಗೆ ನಾನೊಂದು ಉಪಾಯ ಮಾಡಿಕೊಂಡಿದ್ದೆ. ಕಿಡಿ ಹಂಚುವ ಡಬ್ಬಿಯೊಳಗಿನ ಬೆರಳುದ್ದದ ರೋಟರನ್ನು ಕಿತ್ತು ಅಂಗಿಯ ಕಿಸೆಯಲ್ಲಿಟ್ಟುಕೊಳ್ಳುತ್ತಿದ್ದೆ. ಈಗಲೂ ಅದು ಎದೆಯಡಿಯಲ್ಲಿ ಚುಚ್ಚುತ್ತಿತ್ತು.

ಅವನು ಧುಮುಕಿದ. "ಗಾಡಿ ಬರಲಿಲ್ಲಂದ್ರ ಗಾಲಿನರ ಒಯ್ಯೂಣು. ಗಾಲಿ ಇಲ್ಲದ ಹ್ಯಾಂಗ ಲಕ್ಷ್ಮೇಶ್ವರಕ್ಕ ಮೆರಿಯಾಕ ಹೋಕ್ಕಾನ ನೋಡೂಣು. ಸೋಮ್ಯಾ, ಮುದಕನ್ನ ಹಿಡಕೋ."

ಸೋಮೇಶ ನನ್ನ ಕುತ್ತಿಗೆಯ ಮೇಲೆ ಕಾಲಿಟ್ಟ. ಹುಲಿಗೇಶ ಮುಂದಿನ ಬಲಗಾಲಿಯ ಎದುರು ಕುಕ್ಕರುಗಾಲಿನಲ್ಲಿ ಕೂತು ಹೊರಗಿನ ಸುತ್ತಿನ ನಟ್ಟಿಗೆ ಪಾನಾ ಹಾಕಿದ.

ಇದನ್ನು ನಾನು ಪೊಲೀಸರಿಗೆ ಹೇಳಿಲ್ಲ, ಹೆಂಡತಿಗೂ ಹೇಳಿಲ್ಲ. ಮೂರು ನಟ್ಟು ಬಿಚ್ಚುವವರೆಗೆ ನಾನು ಸುಮ್ಮನಿದ್ದೆ. ಕೈ ಮುರಿದಿತ್ತು, ಬಾಯಲ್ಲಿ ಹಲ್ಲಿನ ಚೂರಿತ್ತು, ಬಿಚ್ಚಲಿ ಮಗ ಎಂದುಕೊಂಡೆ. ಅವನ ಮುಖ ಗಾಲಿಯಿಂದ ಒಂದು ಗೇಣು ದೂರದಲ್ಲಿತ್ತು. ನಾಲ್ಕನೆಯದಕ್ಕೆ ಪಾನಾ ಜಾರಿ ಹಸಿರು ಬಣ್ಣ ಕೆತ್ತಿಹೋಯಿತು. ಅದರಡಿಯಿಂದ ಕೆಂಪು ಇಣುಕಿತು. ಸಣ್ಣಗೆ, ಗುಲಗಂಜಿಯಷ್ಟು. ಇವನು ಸತ್ತರೆ ಕೊಲ್ಲುವುದು ಗಾಲಿಯಲ್ಲ, ನನ್ನ ಬ್ರಷ್ಷು.

"ಹುಲಿಗೇಶಾ, ಬಿಡೋ! ಅವು ಗಾಲಿ ನಟ್ಟಲ್ಲೋ! ಹಾರಿ ಸಾಯ್ತಿ! ಮೊದಲ ಗಾಳಿ ಬಿಡೋ!"

"ಕೇಳಿದೇನ ಸೋಮ್ಯಾ? ಗಾಲಿ ಬಿಚ್ಚಿದ್ರ ಸಾಯ್ತಾರಂತ. ಹಂಗಾದ್ರ ನಮ್ಮೂರ ಪಂಚರ್ ಅಂಗಡ್ಯಾವ ಎಷ್ಟ ಸಲ ಸಾಯಬೇಕಿತ್ತು?"

"ನಿಮ್ಮವ್ವನ ಆಣಿ ಮಾಡಿ ಹೇಳ್ತೀನಿ!"

"ನಮ್ಮವ್ವನ ಸುದ್ದಿಗೆ ಬರಬ್ಯಾಡ. ಗಾಳಿ ಬಿಟ್ರ ಹೆಗಲ ಮ್ಯಾಲೆ ಹೊತಗೊಂಡ ಹೋಗ್ಲ್ಯಾ? ಉಳ್ಳಿಸಿಕೋಂತ ಒಯ್ಯಾಂವ ನಾ."

ಐದು. ಆರು. ಏಳನೆಯದು ಬಿಗಿಯಾಗಿತ್ತು. ಅವನು ಎದ್ದು, ಟೈರಿನ ಅಂಚನ್ನು ಕೈಯಲ್ಲಿ ಹಿಡಿದು, ಪಾನಾದ ಮೇಲೆ ಕಾಲಿಟ್ಟು ಜಿಗಿಯತೊಡಗಿದ. ಗಾಲಿಯೊಳಗಿಂದ ಕರ್ ಎಂಬ ಸಣ್ಣ ಸದ್ದು ಬಂತು. ಹೋಳುಗಳ ನಡುವೆ ಬೆಳಕಿನ ಗೆರೆಯೊಂದು ಕಂಡಿತು.

ಉಳಿದ ಹಲ್ಲುಗಳಿಂದ ಸೋಮೇಶನ ಮೀನಖಂಡವನ್ನು ಕಚ್ಚಿದೆ, ಮಾಂಸ ಬಾಯಿಗೆ ಬರುವಷ್ಟು. ಅವನು ಕಿರುಚಿ ಹಿಂದೆ ಹಾರಿದ. ಎಡಗೈಗೆ ಜಾಕಿನ ರಾಡು ಸಿಕ್ಕಿತು. ಎದ್ದೆನೋ ತೆವಳಿದೆನೋ ನೆನಪಿಲ್ಲ. ಗಾಲಿಯ ಮಗ್ಗುಲಿಂದ ಬಂದು, ಹುಲಿಗೇಶ ನಿಂತಿದ್ದ ಕಾಲಿನ ಮೊಣಕಾಲ ಚಿಪ್ಪಿಗೆ ಮೈಯೊಳಗಿನ ಶಕ್ತಿಯನ್ನೆಲ್ಲ ಕೂಡಿಸಿ ಬಾರಿಸಿದೆ. ಚಿಪ್ಪು ಒಡೆಯಿತು. ಅವನು ಆ ಕಡೆಗೆ ಉರುಳಿದ.

ಆಗ ಗಾಲಿ ಸಿಡಿಯಿತು.

ಕಿವಿ ಕಿವುಡಾಯಿತು. ಶೆಡ್ಡಿನ ತಗಡು ಹರಿದು ಬಿಸಿಲು ಒಳಗೆ ಬಿತ್ತು. ಎದುರಿನ ಇಟ್ಟಂಗಿ ಗೋಡೆಯಲ್ಲಿ, ಅವನು ನಿಂತಿದ್ದಾಗ ಎದೆ ಇದ್ದ ಎತ್ತರಕ್ಕೆ, ಕಬ್ಬಿಣದ ಹೋಳು ಅರ್ಧ ಹೂತು ನಿಂತಿತ್ತು. ಓಣಿಯ ಮಗ್ಗಗಳು ಒಂದೊಂದೇ ನಿಂತವು.

ಹುಲಿಗೇಶ ನೆಲದ ಮೇಲೆ ಕೂತು ತನ್ನ ಬಲಗೈ ನೋಡಿಕೊಳ್ಳುತ್ತಿದ್ದ. ಬೀಳುವಾಗಲೂ ಟೈರು ಹಿಡಿದೇ ಇದ್ದ ಆ ಕೈಯಲ್ಲಿ ಮೂರು ಬೆರಳು ಇರಲಿಲ್ಲ. ಸೋಮೇಶ ತನ್ನ ಅಂಗಿ ಹರಿದು ಕೈಗೆ ಸುತ್ತಿದ. ಅವನ ಕಾಲಿನ ರಕ್ತ, ಇವನ ಕೈಯ ರಕ್ತ, ನನ್ನ ಬಾಯಿಯ ರಕ್ತ, ಎಲ್ಲ ಒಂದೇ ಆಟೋದಲ್ಲಿ ಆಸ್ಪತ್ರೆಗೆ ಹೋಯಿತು.

ಸಂಜೆ ಹುಲಿಗೇಶನ ತಾಯಿ ಹನಮಂತವ್ವ ಬಂದಳು. "ನನ್ನ ಮಗನ ಕಾಲು ಮುರದಾಂವ ನೀನ ಏನು?"

"ಹೌದ್ರಿ ಯವ್ವಾ."

ಎರಡೂ ಕಪಾಳಕ್ಕೆ ಬಾರಿಸಿದಳು. ನಾನು ತಡೆಯಲಿಲ್ಲ.

ಹವಾಲ್ದಾರ ಹೇಳಿಕೆ ಬರೆದುಕೊಳ್ಳಲು ಬಂದ. ನಟ್ಟಿನ ಬಣ್ಣದ ಮಾತು ಬಂದಾಗ ಪೆನ್ನು ನಿಲ್ಲಿಸಿದ. "ಅದ್ಯಾಕ ಬೇಕ್ರಿ ಯಜಮಾನ್ರ? ಅವ ಮನಿ ಹೊಕ್ಕು ಹೊಡದಾನ. ಕೇಸು ನಿಮ್ಮ ಕಡೆ ಗಟ್ಟಿ ಐತಿ. ಇದನ್ನ ಬರದ್ರ ನಿಮಗ ತ್ರಾಸು."

"ತ್ರಾಸಾದ್ರ ಆಗ್ಲಿ, ಬರೀರಿ," ಎಂದೆ. ಬರೆದುಕೊಂಡ.

ಪಕ್ಕದ ಮಂಚದಿಂದ ಹುಲಿಗೇಶ ಎಲ್ಲ ಕೇಳುತ್ತಿದ್ದ. ಹವಾಲ್ದಾರ ಹೋದ ಮೇಲೆ ಕೇಳಿದ, "ಕೆಂಪಿದ್ದದ್ದಕ್ಕ ಹಸರ ಯಾಕ ಹಚ್ಚಿದಿ?"

"ಚಂದ ಕಾಣ್ಲಿ ಅಂತ."

"ಬಾಗಲಕ್ಕೂ ಅದಕ್ಕ ಹಚ್ಚಿದೇನು?"

"ಹೂಂ."

ಅವನು ಗೋಡೆಯ ಕಡೆಗೆ ಹೊರಳಿದ.

ಜನವರಿ ಇಪ್ಪತ್ತಾರು ಬಂದು ಹೋಯಿತು. ಟ್ರಕ್ಕು ಶೆಡ್ಡಿನಲ್ಲಿ ಮೂರು ಗಾಲಿ ಮತ್ತು ಒಂದು ಕಲ್ಲಿನ ಮೇಲೆ ನಿಂತಿತ್ತು. ನನ್ನ ಬಲಗೈ ಪಟ್ಟಿಯಲ್ಲಿತ್ತು. ಮಲಂಗಸಾಬ ಕೆಂಪು ಬಣ್ಣದ ಡಬ್ಬಿ ಹಿಡಿದು ಉಳಿದ ಗಾಲಿಗಳ ಹೊರಸುತ್ತಿನ ನಟ್ಟುಗಳಿಗೆ ಒಂದೊಂದಾಗಿ ಬಳಿಯುತ್ತಿದ್ದ, ಒಂದೊಂದಕ್ಕೂ ಒಂದೊಂದು ಬೈಗುಳ. ನಾನು ಟ್ರಕ್ಕಿನ ಬಾಗಿಲ ಮುಂದೆ ಕೂತು ಎಡಗೈಯಲ್ಲಿ ಪಾಲಿಶ್ ಕಾಗದ ಹಿಡಿದು ಹಸಿರನ್ನು ತಿಕ್ಕುತ್ತಿದ್ದೆ. ಮೂಕಪ್ಪನ ಹೆಸರಿದ್ದ ಹಳೆಯ ಬಣ್ಣವನ್ನು ಕೆತ್ತದೆ ಅದರ ಮೇಲೆಯೇ ಬಳಿದಿದ್ದೆ. ಸೋಮಾರಿತನ ಒಮ್ಮೊಮ್ಮೆ ಉಪಯೋಗಕ್ಕೆ ಬರುತ್ತದೆ.

ಚಂದ್ರವ್ವ ಚಹಾ ತಂದಳು. "ಏನರ ಬಂತೇನ್ರಿ?"

"'ಮೂ' ಬಂದೈತಿ."

ಅವಳು ಕುಂಡೆ ಊರಿ ಕೂತು, ನನ್ನ ಕೈಯಿಂದ ಕಾಗದ ಕಿತ್ತುಕೊಂಡಳು. "ಸರೀರಿ ಅತ್ತಾಗ. ಎಡಗೈಲೆ ತಿಕ್ಕಿದ್ರ ಬೆಳ್ಳಟ್ಟಿ ತನಕ ಮುಟ್ಟಾಕ ಉಗಾದಿ ಆಕ್ಕೈತಿ."