ಕೈಯಾಡಿಸದ ಪಾಕ

"ಅತ್ತೆ, ಬ್ಯಾಡಿ! ಮುಟ್‌ಬ್ಯಾಡಿ!"

ಪ್ರಮೀಳಾ ಹಿತ್ತಿಲಿನಿಂದ ಕೂಗಿಕೊಂಡು ಓಡಿ ಬರುವಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು. ನಡುಮನೆಯ ಕಿಟಕಿಯ ಪಕ್ಕ ಇಟ್ಟಿದ್ದ ಗಾಜಿನ ಜಾಡಿಯೊಳಕ್ಕೆ ಸೌಟಿನ ಹಿಡಿ ಇಳಿಬಿಟ್ಟು ಸಿದ್ದಲಿಂಗಮ್ಮ ಗರಗರ ತಿರುವುತ್ತಿದ್ದರು. ಬೆಳಿಗ್ಗೆ ತಿಳಿಯಾಗಿದ್ದ ನೀರು ಈಗ ಮಜ್ಜಿಗೆಯ ಹಾಗೆ ಕದಡಿಹೋಗಿತ್ತು.

"ತಳ ಇಡೀತಿತ್ತು ಕಣವ್ವ," ಎಂದರು ಅತ್ತೆ, ಸೌಟು ನಿಲ್ಲಿಸದೆ. "ಬೆಳ್ಳಗೆ ಕಟ್ಕತಾ ಇತ್ತು. ಅದ್ನ ನೋಡ್ಕಂಡು ಸುಮ್ಕೆ ಕೂತ್ಕಳಾದಾ?"

ಅವರನ್ನು ಬಯ್ಯುವುದಾದರೂ ಹೇಗೆ? ಸಿದ್ದಲಿಂಗಮ್ಮ ಹುಟ್ಟಿ ಬೆಳೆದದ್ದು, ಮದುವೆಯಾಗಿ ಬಂದು ದುಡಿದದ್ದು ಎಲ್ಲ ಆಲೆಮನೆಯ ಹೊಗೆಯಲ್ಲೇ. ಕೊಪ್ಪರಿಗೆಯಲ್ಲಿ ಕಬ್ಬಿನಹಾಲು ಕುದ್ದು ಪಾಕವಾಗುವಾಗ ಒಂದು ಗಳಿಗೆ ಕೈ ನಿಂತರೂ ತಳ ಹಿಡಿದು ಬೆಲ್ಲ ಕರ್ರಗಾಗುತ್ತದೆ. ಈಗ ಅವರ ಕಬ್ಬೆಲ್ಲ ಪಾಂಡವಪುರದ ಫ್ಯಾಕ್ಟರಿಗೆ ಹೋಗುತ್ತದೆ, ಆಲೆಮನೆ ನಿಂತು ಎಷ್ಟೋ ಕಾಲವಾಯಿತು. ಆದರೆ ಆ ಕೈಗೆ ಯಾರೂ ಹೇಳಿರಲಿಲ್ಲ. ಪಾಯಸವಿರಲಿ, ಅಂಬಲಿಯಿರಲಿ, ಪಾತ್ರೆಯಲ್ಲಿ ಏನಾದರೂ ಸುಮ್ಮನೆ ನಿಂತಿತ್ತೆಂದರೆ ಅವರಿಗೆ ಜೀವ ತಡೆಯುತ್ತಿರಲಿಲ್ಲ.

ಜಾಡಿಯಲ್ಲಿದ್ದದ್ದು ಪಾಕವಲ್ಲ, ಪಟಿಕದ ನೀರು; ಅಲುಗಾಡಿಸದೆ ಬಿಟ್ಟರಷ್ಟೇ ಅದರಲ್ಲಿ ಹರಳು ಕಟ್ಟುತ್ತದೆ. ಮೈಸೂರಿನ ಕಾಲೇಜಿನಲ್ಲಿ ಪಾಠ ಮಾಡುವ ಮೈದುನ ನಾಗಾರ್ಜುನ ಮಕ್ಕಳಿಗೆಂದು ಹರಳು ಬೆಳೆಸುವ ಕಿಟ್ ತಂದುಕೊಟ್ಟಿದ್ದ. ಕೊಟ್ಟವನು ಸುಮ್ಮನೆ ಕೊಟ್ಟಿದ್ದರೆ ಆಗುತ್ತಿತ್ತು. "ದಸರಾ ರಜಕ್ಕೆ ಬಂದಾಗ ನಾನೇ ಮಾಡ್ಸ್ತೀನಿ. ಅಲ್ಲೀಗಂಟ ನಿಮ್ಮಮ್ಮನ ಕೈಗೆ ಕೊಡ್ಬ್ಯಾಡ್ರಪ್ಪ, ಉಪ್ಪು ಅಂತ ಸಾರಿಗೆ ಸುರ್ದ್‌ಬುಟ್ಟಾರು!" ಎಂದು ನಕ್ಕಿದ್ದ. ಪ್ರಮೀಳಾ ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನಕ್ಕೇ ಡುಮ್ಕಿ ಹೊಡೆದವಳೆಂದು ಮನೆಮಂದಿಗೆಲ್ಲ ಗೊತ್ತು. ಎಲ್ಲರೂ ನಕ್ಕರು, ಅವಳೂ ನಕ್ಕಳು. ಆದರೆ ಆರನೇ ಕ್ಲಾಸಿನ ಮಗಳು ರಂಜಿತ ಕೂಡ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳಲ್ಲ, ಅದು ಮಾತ್ರ ಅವಳ ಎದೆಗೆ ನಾಟಿತು. ಅವನು ಬರುವುದರೊಳಗೆ ಈ ಹರಳನ್ನು ನಾನೇ ಬೆಳೆಸದಿದ್ದರೆ ಕೇಳಿ ಎಂದು ಹಠ ಹಿಡಿದು ಡಬ್ಬ ಬಿಚ್ಚಿದ್ದಳು.

ಈಗ ನೋಡಿದರೆ ಜಾಡಿಯ ತಳದಲ್ಲಿ ಸಣ್ಣ ರವೆ ಬಿಟ್ಟರೆ ಇನ್ನೇನೂ ಇಲ್ಲ. ಕಿಟ್ಟಿನಲ್ಲಿದ್ದದ್ದು ಒಂದೇ ಪೊಟ್ಟಣ.

"ಅಜ್ಜಿ ಕೆಡಿಸ್‌ಬುಟ್ರು!" ಎಂದು ಚಿಕ್ಕವನು ಕಿಶನ್ ನೆಲದ ಮೇಲೆ ಉರುಳಾಡಿ ಅತ್ತ. ರಂಜಿತ ಅಳಲಿಲ್ಲ. "ಓಗ್ಲಿ ಬುಡಮ್ಮ. ಚಿಕ್ಕಪ್ಪ ಬಂದ್ಮೇಲೆ ಏನಾರ ಮಾಡ್ತಾರೆ," ಎಂದು ಡಬ್ಬ ಮುಚ್ಚಿದಳು.

ಮಗ ಅತ್ತದ್ದಕ್ಕಿಂತ ಮಗಳು ಅಳದೇ ಇದ್ದದ್ದಕ್ಕೆ ಪ್ರಮೀಳಾಗೆ ಹೆಚ್ಚು ನೋವಾಯಿತು. ಜಾಡಿಯನ್ನು ಬೆಳಕಿಗೆ ಹಿಡಿದು ನೋಡಿದಳು. ರವೆಯನ್ನು ಬೆರಳಿನಲ್ಲಿ ಉಜ್ಜಿದಳು. ಕಳೆದುಹೋಗಿರುವುದಾದರೂ ಏನು? ಹಾಕಿದ್ದೆಲ್ಲ ಇಲ್ಲೇ ಇದೆಯಲ್ಲ!

"ಕರಗಿದ್ದೇ ತಾನೆ ಇಂಗೆ ರವೆ ಆಗಿರಾದು? ತಿರ್ಗಾ ಕಾಯ್ಸುದ್ರೆ ತಿರ್ಗಾ ಕರಗ್ಬೇಕು," ಎಂದಳು.

"ಪುಸ್ತಕದಲ್ಲಿ ಅಂಗೆ ಬರ್ದಿಲ್ಲಮ್ಮ," ಎಂದಳು ರಂಜಿತ, ಕಿಟ್ಟಿನ ಜೊತೆ ಬಂದಿದ್ದ ಪುಸ್ತಕ ತೋರಿಸುತ್ತ.

"ಪುಸ್ತಕ ಬರ್ದೋರ ಮನೇಲಿ ನಿಮ್ಮಜ್ಜಿ ಇರ್ಲಿಲ್ಲ, ಅದ್ಕೇ ಬರ್ದಿಲ್ಲ!"

ರಂಜಿತಳಿಗೆ ನಗು ತಡೆಯಲಾಗಲಿಲ್ಲ. ಕಿಶನ್ ಅಳು ನಿಲ್ಲಿಸಿ ಎದ್ದು ಕೂತ. ರವೆಯಲ್ಲಿ ಹುಡುಕಿ ಹುಡುಕಿ, ಮೂಲೆ ಮುಕ್ಕಾಗದ ಒಂದು ಕಾಳನ್ನು ಮಕ್ಕಳು ಆರಿಸಿಟ್ಟರು. ಉಳಿದದ್ದನ್ನೆಲ್ಲ ನೀರಿನ ಸಮೇತ ಒಲೆಗೇರಿಸಿದಾಗ, ಪ್ರಮೀಳಾ ಹೇಳಿದ ಹಾಗೆಯೇ, ಬಿಳುಪೆಲ್ಲ ಮಾಯವಾಗಿ ನೀರು ತಿಳಿಯಾಯಿತು. ಹಳೆಯ ಪಂಚೆಯ ತುಂಡಿನಲ್ಲಿ ಸೋಸಿ ಮತ್ತೆ ಜಾಡಿಗೆ ತುಂಬಿದಳು. ಆರಿಸಿಟ್ಟ ಕಾಳಿಗೆ ನೈಲಾನ್ ದಾರ ಬಿಗಿದು ಅದನ್ನು ಒಂದು ಕಡ್ಡಿಗೆ ಕಟ್ಟಿದಳು. ಕಿಶನ್ ಈಗಲೇ ಇಳಿಬಿಡೋಣವೆಂದು ಕುಣಿದಾಗ ಅವನ ಕೈಯನ್ನೇ ಜಾಡಿಗೆ ಮುಟ್ಟಿಸಿ, "ನೋಡು, ಇನ್ನೂ ಬಿಸಿ. ಈಗ ಬುಟ್ರೆ ಬಿತ್ತಿದ್ ಬೀಜಾನೂ ಕರಗೋಯ್ತದೆ," ಎಂದಳು. ಅದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ರಂಜಿತ ಪುಸ್ತಕ ತಿರುವಿ ನೋಡಿ, "ಔದು, ಇಲ್ಲೂ ಅಂಗೇ ಐತೆ!" ಎಂದು ಕಣ್ಣರಳಿಸಿದಳು.

ನೀರು ತಣ್ಣಗಾದ ಮೇಲೆ, ಕಾಳು ಇಳಿಬಿಟ್ಟ ಜಾಡಿ ದೇವರ ಮನೆಯ ಮೂಲೆ ಸೇರಿತು. ಕಾವಲಿಗೆ ನಿಂತವರು ಯಾರೆಂದುಕೊಂಡಿರಿ? ಸಾಕ್ಷಾತ್ ಸಿದ್ದಲಿಂಗಮ್ಮನವರೇ! ಮೊಮ್ಮಗನ ಕಣ್ಣೀರಿಗೆ ತಾವೇ ಕಾರಣವೆಂದು ಅವರು ನೊಂದುಹೋಗಿದ್ದರು. ಹೊಸ್ತಿಲಿಗೆ ಅಡ್ಡಲಾಗಿ ಕೂತವರು ಮಿಕ್ಸಿ ಹಾಕಬಾರದು, ಬಾಗಿಲು ದಡಾರನೆ ಹಾಕಬಾರದು ಎಂದು ಕಾನೂನು ಮಾಡಿದರು. ಗದ್ದೆಯಿಂದ ಬಂದ ಮಗ, ಪ್ರಮೀಳಾಳ ಗಂಡ ರಂಗಸ್ವಾಮಿ, ಫೋನಿನಲ್ಲಿ ಕಿರುಚಿಕೊಂಡು ಒಳಗೆ ಕಾಲಿಟ್ಟರೆ, "ಮೆತ್ಗೆ ಮಾತಾಡ್ಲಾ!" ಎಂದು ಗದರಿದರು.

"ಇದೇನವ್ವಾ, ಬಾಣಂತಿ ಕ್ವಾಣೆನಾ?"

"ಅಂಗೇ ಅನ್ಕೊ. ಆಚೆ ನಡಿ."

ತಳದಲ್ಲಿ ಬೆಳ್ಳಗೆ ಕಂಡಾಗಲೆಲ್ಲ ಆ ಮುದುಕಿ ಪಟ್ಟ ಪಾಡು ದೇವರಿಗೇ ಪ್ರೀತಿ. ಎರಡೂ ಕೈಗಳನ್ನು ತೊಡೆಯ ಕೆಳಗೆ ಅದುಮಿಕೊಂಡು, ಮುಖ ಆ ಕಡೆ ತಿರುಗಿಸಿ ಕೂರುತ್ತಿದ್ದರು. ಆದರೆ ಮುಟ್ಟಲಿಲ್ಲ. ಪ್ರಮೀಳಾ ಮಾತ್ರ ದಿನವೂ ಸ್ನಾನ ಮಾಡಿ ಒಳಗೆ ಹೋಗಿ, ಉಸಿರು ಬಿಗಿಹಿಡಿದು ಬಗ್ಗಿ ನೋಡಿ ಬರುತ್ತಿದ್ದಳು. ಹೊರಬಂದ ಅವಳ ಮುಖವನ್ನು ರಂಜಿತ ನೋಡುತ್ತಿದ್ದಳು.

ದಸರಾ ರಜೆ ಬಂತು, ನಾಗಾರ್ಜುನನೂ ಬಂದ. ಕಾಫಿ ಲೋಟ ಹಿಡಿದು, "ಎಲ್ರಪ್ಪ ಕಿಟ್ಟು? ತರ್ರಿ, ಶುರು ಮಾಡಾನ," ಎಂದ. ಮಕ್ಕಳು ಮುಸಿಮುಸಿ ನಕ್ಕರು. ಪ್ರಮೀಳಾ ಎದ್ದು ಹೋಗಿ ಜಾಡಿ ತಂದು, ಎಲ್ಲರೆದುರು ಮೆಲ್ಲಗೆ ದಾರ ಎತ್ತಿದಳು.

ಹುಣಸೆಬೀಜಕ್ಕಿಂತ ದಪ್ಪನಾದ ಒಂದೇ ಹರಳು. ನುರಿತ ಆಚಾರಿಯೊಬ್ಬ ಕೂತು ಕಡೆದಂತೆ ಚೂಪು ಅಂಚು, ನುಣ್ಣನೆ ಮುಖ, ಒಳಗೆ ಒಂದು ಎಳೆ ಮಬ್ಬಿಲ್ಲ. ಕಿಶನ್ ಬೆರಳು ಮಡಿಸಿ ಎಣಿಸಿ, "ಎಂಟು ಮಖ ಐತೆ!" ಎಂದು ಕೂಗಿದ.

ನಾಗಾರ್ಜುನ ಲೋಟ ಕೆಳಗಿಟ್ಟ. ದಾರ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. "ಅತ್ತಿಗೆ, ನಮ್ ಲ್ಯಾಬಲ್ಲಿ ನನ್ ಕೈಲಿ ಒಂದ್ಸಲಾನೂ ಇಂಥದ್ದು ಬಂದಿಲ್ಲ. ಎಲ್ಲ ಗುಂಪುಗುಂಪಾಗಿ ಅಂಟ್ಕತ್ತಿತ್ತು. ಎಂಗ್ ಮಾಡುದ್ರಿ?"

ಅವಳು ಬಾಯಿ ತೆರೆಯುವ ಮೊದಲೇ ರಂಜಿತ ಶುರುಮಾಡಿದಳು. "ಮೊದ್ಲು ಕೆಟ್ಟೋಯ್ತು ಚಿಕ್ಕಪ್ಪ. ಪುಸ್ತಕದಲ್ಲಿ ಇರ್ನಿಲ್ಲ, ನಮ್ಮಮ್ಮನೇ ಯೋಚ್ನೆ ಮಾಡಿ…" ಎಂದು ಕೈ ಬೀಸಿ ಬೀಸಿ ಹೇಳುತ್ತಲೇ ಹೋದಳು. ನಮ್ಮಮ್ಮ ಎನ್ನುವ ಮಾತು ಬಂದಾಗಲೆಲ್ಲ ಪ್ರಮೀಳಾಗೆ ಸಂತೋಷಕ್ಕೆ ಅಳು ಬರುತ್ತಿತ್ತು. ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಂಡು, ಒಬ್ಬಳೇ ನಿಂತು ನಕ್ಕಳು.

ಸಂಜೆ ಪ್ರಮೀಳಾ ಹಾಲು ಹಾಕಲು ಡೇರಿಗೆ ಹೊರಟಾಗ ಸಿದ್ದಲಿಂಗಮ್ಮನೂ ಜೊತೆಗೆ ಬಂದರು. ಮಡಿಲಲ್ಲಿ ಹತ್ತಿಯಲ್ಲಿ ಸುತ್ತಿದ್ದ ಹರಳು. ಸಾಲಿನಲ್ಲಿದ್ದವರ ನಡುವೆ ಅದನ್ನು ಬಿಚ್ಚಿ ಅಂಗೈ ಮೇಲಿಟ್ಟು, "ನನ್ ಸೊಸೆ ಬೆಳ್ದಿರಾದು," ಎಂದರು.

"ಎಲ್ಲಿ, ಒಸಿ ಕೊಡಿಲ್ಲಿ," ಎಂದು ಸಾಲಿನಲ್ಲಿ ಮುಂದಿದ್ದ ಚಿಕ್ಕಬೋರಮ್ಮ ಕೈಚಾಚಿದಳು.

"ಒದ್ದೆ ಕೈಲಿ ಇಡೀಬ್ಯಾಡ ಕಣಕ್ಕ, ಮಬ್ಬಾಯ್ತದೆ," ಎಂದಳು ಪ್ರಮೀಳಾ.

ಚಿಕ್ಕಬೋರಮ್ಮ ಕ್ಯಾನು ಕೆಳಗಿಟ್ಟು, ಹಾಲಿನ ಕೈಯನ್ನು ಸೆರಗಿಗೆ ಚೆನ್ನಾಗಿ ಒರೆಸಿಕೊಂಡು ಹರಳು ಇಸಿದುಕೊಂಡಳು. ಅವಳ ಹಿಂದಿದ್ದವಳೂ ಕ್ಯಾನು ಇಳಿಸಿದಳು. ಸಾಲಿನುದ್ದಕ್ಕೂ ಹೆಂಗಸರು, ತಮ್ಮ ಸರದಿ ಬರುವ ಮುಂಚೆಯೇ, ಕೈ ಒರೆಸಿಕೊಳ್ಳುತ್ತ ನಿಂತಿದ್ದರು.