ಕೂದಲು ಮುಚ್ಚಿದ ತುಟಿ

ಅಭಿನಯವೆಂದು ಹೇಳಿ ನಾಯಕನಟ ಅವಳಿಗೆ ನಿಜವಾಗಿಯೇ ಹೊಡೆದ, ಎಡಗಿವಿ ಆವತ್ತೇ ಹೋಯಿತು, ಆ ಶಾಟ್ ಚಿತ್ರದಲ್ಲಿ ಹಾಗೇ ಉಳಿಯಿತು. ಈಗ, ಈ ಇಳಿವಯಸ್ಸಿನಲ್ಲಿ, ಮೇಕಪ್ ಕೋಣೆಯ ಕನ್ನಡಿ ಸುತ್ತಲಿನ ಬಲ್ಬುಗಳಲ್ಲಿ ಒಂದು ಮಿಣಮಿಣ ಎನ್ನುತ್ತಿದೆ, ಒಂದು ಬಲ್ಬು ಬದಲಿಸುವ ಯೋಗ್ಯತೆ ಇಲ್ಲ, ಸನ್ಮಾನ ಬೇರೆ ಮಾಡುತ್ತಾರೆ ಎಂದುಕೊಂಡು ಅವಳು ಗಲ್ಲ ಎತ್ತಿಕೊಟ್ಟಳು, ಪೌಡರಿನ ಪಫ್ ಎಡಗೆನ್ನೆಯ ಮೇಲೆ ಕೂತು ಏಳುತ್ತಿದೆ, ತಂಗಿಯ ಮಗಳು ಬಲಕ್ಕೆ ನಿಂತಿದ್ದಾಳೆ — ಯಾವ ಕಡೆ ನಿಲ್ಲಬೇಕೆಂದು ಅವಳೊಬ್ಬಳಿಗೇ ಗೊತ್ತು — ಸ್ಟೇಜ್ ಮೇಲೆ ಆ ಹೊಡೆಯೋ ಸೀನ್ ಮಾಡ್ಬೇಕಂತೆ ದೊಡ್ಡಮ್ಮ, ಆ ಹೀರೋನೇ ಬಂದಿದ್ದಾರೆ, ಅವ್ರು ಸುಮ್ನೆ ಕೈ ಎತ್ತುತ್ತಾರಂತೆ, ನೀನು ಮುಖ ತಿರುಗಿಸಿ ಆ ಡೈಲಾಗ್ ಹೇಳಿದ್ರೆ ಸಾಕಂತೆ, ನೀನು ಆಗ್ಲೇ ಒಪ್ಕೊಂಡಿದ್ದೀಯಂತಲ್ಲ. ಯಾರು ಒಪ್ಪಿದ್ದು. ಕಾರ್ಯಕ್ರಮ ನಡೆಸೋ ಹುಡುಗ ಬಂದು ಕೇಳಿದಾಗ ತಲೆಯಾಡಿಸಿದೆಯಂತೆ. ಹೋ, ಅವನು ಕೂತದ್ದು ಎಡಕ್ಕೆ.

ಎಡಕ್ಕೆ ಕೂತವರಿಗೆಲ್ಲ ನಕ್ಕು ತಲೆಯಾಡಿಸುವುದು ಅವಳ ಹಳೇ ಚಾಳಿ, ಕಿವಿ ಕೇಳದ ನಾಯಕಿಯನ್ನು ಯಾರು ಕರೆಯುತ್ತಾರೆ, ಅಮ್ಮನೇ ಕಲಿಸಿದ್ದು, ನಗ್ತಾ ತಲೆಯಾಡಿಸು ಮಗಳೇ, ನಗೋರನ್ನ ಯಾರೂ ಎರಡನೇ ಸಲ ಕೇಳಲ್ಲ, ಹಾಗೆ ತಲೆಯಾಡಿಸಿ ಆಡಿಸಿಯೇ ಅವಳು ಎದುರಾಡದ ನಟಿ ಎಂದು ಹೆಸರಾದಳು, ಪತ್ರಿಕೆಗಳು ಗುಣವಂತೆ ಎಂದವು, ಕಿವುಡಿಗೂ ಗುಣಕ್ಕೂ ಇಷ್ಟೇ ದೂರ. ಆ ಪೆಟ್ಟಿಗೆ ಮುಂಚೆ ಅವಳು ತೆರೆಯ ಮೇಲೆ ಸೈಕಲ್ ಹೊಡೆಯುತ್ತಿದ್ದಳು, ಕಳ್ಳರನ್ನು ಅಟ್ಟಿಸಿಕೊಂಡು ಹೋಗುತ್ತಿದ್ದಳು, ನಾಯಕನನ್ನು ಕೆರೆಗೆ ತಳ್ಳಿ ದಡದಲ್ಲಿ ನಿಂತು ನಗುತ್ತಿದ್ದಳು, ಟಾಕೀಸಿನ ಹೆಂಗಸರು ಕುರ್ಚಿಯಿಂದ ಎದ್ದು ನಗುತ್ತಿದ್ದರು — ಆಮೇಲೆ ಬಂದದ್ದೆಲ್ಲ ಅಳುವ ಪಾತ್ರ, ಒದೆಸಿಕೊಳ್ಳುವ ಪಾತ್ರ, ವಯಸ್ಸಾದ ಮೇಲೆ ಸೊಸೆಗೆ ತಾಳಿಕೋ ಎಂದು ಬುದ್ಧಿ ಹೇಳುವ ಅತ್ತೆಯ ಪಾತ್ರ, ಒಂದು ಪೆಟ್ಟಿನಲ್ಲಿ ಬದುಕಿನ ಉಳಿದ ಅಷ್ಟೂ ಪಾತ್ರಗಳು ನಿರ್ಧಾರವಾಗಿಬಿಟ್ಟಿದ್ದವು.

ಕೆನ್ನೆಗೆ ಹೊಡೆಯುವುದೂ ಒಂದು ಕಸುಬು, ಅಂಗೈ ಗೇಣು ದೂರದಲ್ಲಿ ಹಾದುಹೋಗಬೇಕು, ಅದೇ ಗಳಿಗೆಗೆ ಅವಳು ಮುಖ ಹೊರಳಿಸಬೇಕು, ಮೂಲೆಯಲ್ಲಿ ಸದ್ದಿನವನು ಚಪ್ಪಲಿಗೆ ಚಪ್ಪಲಿ ಬಡಿಯಬೇಕು, ಎಷ್ಟು ಚಿತ್ರಗಳಲ್ಲಿ ಹಾಗೆ ನಡೆದಿತ್ತು, ಯಾರ ಮೈಯೂ ನೊಂದಿರಲಿಲ್ಲ, ಚಪ್ಪಲಿ ಸವೆದಿತ್ತು ಅಷ್ಟೇ. ಆವತ್ತು ನಿರ್ದೇಶಕ ನಾಯಕನ ಹೆಗಲ ಮೇಲೆ ಕೈಹಾಕಿ ರಟ್ಟಿನ ಕಂಬದ ಹಿಂದಕ್ಕೆ ಕರೆದುಕೊಂಡು ಹೋದ, ಏನೋ ಪಿಸುಗುಟ್ಟಿದ, ಅವಳು ನೋಡಿದಳು, ತನಗಲ್ಲ ಎಂದುಕೊಂಡಳು — ಅಂಗೈ ಬಂತು, ಗೇಣಿನ ದೂರ ದಾಟಿಯೂ ಬಂತು, ತಲೆಯೊಳಗೆ ಹಿತ್ತಾಳೆ ಹರಿವಾಣ ಬಿದ್ದ ಹಾಗೆ ಝಣ್ ಎಂದು ಮೊಳಗಿ ನಿಲ್ಲಲೇ ಇಲ್ಲ, ಕಟ್ಟಿದ್ದ ಕೂದಲು ಬಿಚ್ಚಿ ಮುಖದ ಮೇಲೆ ಬಿತ್ತು, ಆ ಕೂದಲೊಳಗಿಂದ ಅವಳು ಬೈದಳು, ನಿನ್ನ ಕೈ ಸೇದಿಹೋಗ. ಸೆಟ್ಟಿನಲ್ಲಿ ಎಲ್ಲರೂ ನಕ್ಕರು. ನಿರ್ದೇಶಕ ಬಂದು ಬೆನ್ನು ತಟ್ಟಿದ, ಮೊದಲೇ ಹೇಳಿದ್ರೆ ಈ ಭಾವ ಎಲ್ಲಿ ಬರ್ತಿತ್ತಮ್ಮ, ಹೊಡೆದವನು ಐಸ್ ತರಿಸಿಕೊಂಡು ತನ್ನ ಅಂಗೈಗೆ ಒತ್ತಿಕೊಂಡ. ತುಟಿ ಕಾಣದ ಕಡೆ ಏನು ಬೇಕಾದರೂ ಹೇಳಿಸಬಹುದಲ್ಲ, ವಾರ ಕಳೆದು ಧ್ವನಿ ಮುದ್ರಿಸುವ ಕೋಣೆಗೆ ಕರೆದು, ಕತ್ತಲಲ್ಲಿ ತನ್ನದೇ ಕೂದಲು ಮುಚ್ಚಿದ ಮುಖವನ್ನು ತೋರಿಸಿ, ಆ ಬೈಗುಳದ ಜಾಗಕ್ಕೆ ಬೇರೆ ಮಾತು ಕೊಟ್ಟರು — ನಿಮ್ಮ ಕೈಗೆ ನೋವಾಯಿತೇ? ಇದನ್ನ ನಾನು ಹೇಳಲಾರೆ ಎಂದು ಅಮ್ಮನನ್ನು ನೋಡಿದಳು, ಹೇಳಿಬಿಡು, ಒಂದು ಮಾತು ತಾನೇ, ಮಾತಿಗೇನು ಕೈಕಾಲು ಇದೆಯಾ ಎಂದಳು ಅಮ್ಮ, ಇವಳು ಹೇಳಿದಳು, ಇನ್ನೂ ಮೆತ್ತಗೆ ಎಂದರು, ಮೆತ್ತಗೆ ಹೇಳಿದಳು.

ಮಾತಿಗೆ ಕೈಕಾಲು ಇತ್ತು ಅಮ್ಮ, ನಡೆದುಕೊಂಡು ಮನೆಮನೆಗೆ ಹೋಯಿತು, ಮದುವೆಯಾದ ಗೆಳತಿಯರನ್ನು ರೇಗಿಸುವುದಕ್ಕೂ ಅದೇ, ಕ್ಯಾಲೆಂಡರಿನಲ್ಲೂ ಅದೇ — ಒಮ್ಮೆ ರೈಲ್ವೆ ಪ್ಲಾಟ್‌ಫಾರ್ಮಿನಲ್ಲಿ ಒಬ್ಬಳು ಎಡಗಡೆಯಿಂದ ಬಂದು ತೋಳು ಹಿಡಿದುಕೊಂಡಳು, ತುಟಿಯ ಕೊನೆ ಒಡೆದಿತ್ತು, ಅದರ ಮೇಲೆ ದಪ್ಪಗೆ ಪೌಡರು, ಏನೇನೋ ಹೇಳಿದಳು, ಗದ್ದಲ, ಎಂಜಿನ್ನಿನ ಕೂಗು, ಇವಳು ಎಂದಿನಂತೆ ನಕ್ಕು ತಲೆಯಾಡಿಸಿದಳು, ಅವಳು ಇವಳ ಮುಖವನ್ನೇ ನೋಡುತ್ತ ನಿಂತು, ತೋಳು ಬಿಟ್ಟು ಹೊರಟುಹೋದಳು. ರೈಲು ಊರು ದಾಟಿದ ಮೇಲೆ ಅಮ್ಮ ಬಾಯಿಬಿಟ್ಟಳು. ಅವಳ ಗಂಡ ನಿನ್ನ ಸಿನಿಮಾಕ್ಕೆ ಕರ್ಕೊಂಡು ಹೋಗಿದ್ನಂತೆ, ಆವತ್ತಿಂದ ಹೊಡೆದಾದ್ಮೇಲೆ ಆ ಮಾತು ಹೇಳಿಸ್ತಾನಂತೆ, ಹೇಳೋ ತನಕ ಬಿಡಲ್ವಂತೆ, ನಾನು ಹೇಳ್ಬೇಕಾ ಅಕ್ಕಾ ಅಂದಳು, ನೀನು ಹೂಂ ಅಂತ ತಲೆಯಾಡಿಸಿದೆ. ಆಗಲೇ ಯಾಕೆ ಹೇಳಲಿಲ್ಲಮ್ಮ. ಜನ ನೋಡ್ತಿದ್ರಲ್ಲೇ. ಆ ಒಡೆದ ತುಟಿ ಎಷ್ಟು ಸಲ ಆ ಮಾತು ಹೇಳಿತೋ, ಇವಳ ಒಪ್ಪಿಗೆ ಪಡೆದು, ಇವಳ ನಗು ಕಂಡು — ಆಯ್ತು ಮೇಡಂ ಎಂದು ಮೇಕಪ್ಪಿನವನು ಪೌಡರಿನ ಡಬ್ಬಿ ಮುಚ್ಚಿಟ್ಟ, ಕನ್ನಡಿಯಲ್ಲಿ ತನ್ನ ಬಾಯಿಯ ಕೊನೆಯಲ್ಲೂ ದಪ್ಪಗೆ ಪೌಡರು.

ಮೆಟ್ಟಿಲು, ತಂಗಿಯ ಮಗಳ ಕೈ, ಕಣ್ಣಿಗೆ ರಾಚುವ ಬೆಳಕು, ಚಪ್ಪಾಳೆ ಒಂದೇ ಕಿವಿಗೆ ಬರುತ್ತದೆ, ಎದುರು ಊರುಗೋಲಿನ ಮೇಲೆ ಬಾಗಿ ನಿಂತ ಮುದುಕ ಆವತ್ತು ಹೊಡೆದವನೇ, ಪಾಪ, ಗಂಟಲಿನ ತೊಗಲು ಜೋತುಬಿದ್ದಿದೆ, ಸಿಟ್ಟು ಮಾಡಿಕೊಳ್ಳಲು ಹೋದರೆ ಅಯ್ಯೋ ಎನಿಸುತ್ತದೆ, ಬೇಗ ಮುಗಿಸೋಣ ಕಣಮ್ಮ, ಕೈ ಎತ್ತಿದ್ರೆ ಇಳಿಸೋದು ಕಷ್ಟ ಈಗ ಎಂದು ನಕ್ಕ, ಆ ನಗುವಿನಲ್ಲಿ ಕೇಡಿಲ್ಲ, ಆವತ್ತೂ ಇರಲಿಲ್ಲವೇನೋ, ಹೇಳಿದ್ದನ್ನು ಮಾಡಿದ, ಇವಳೂ ಹೇಳಿದ್ದನ್ನೇ ಹೇಳಿದಳು, ಹೇಳಿದ್ದನ್ನು ಮಾಡುವವರ ನಡುವೆ ಆ ಹೆಂಗಸಿನ ತುಟಿ ಒಡೆಯುತ್ತ ಹೋಯಿತು. ಅವನ ಕೈ ಮೇಲೆದ್ದಿತು, ಸಭೆಗೆ ಸಭೆಯೇ ಆ ಮಾತಿಗೆ ಕಾಯುತ್ತಿದೆ. ಕಾರ್ಯಕ್ರಮದ ಹುಡುಗ ಮೈಕು ಹಿಡಿದು ಈ ಸಲ ಬಲಕ್ಕೆ ಬಂದ, ಮುಖ ತಿರುಗಿಸಿ ಮೇಡಂ, ಡೈಲಾಗ್ ಹೇಳಿ. ಕುತ್ತಿಗೆ ತಾನಾಗಿಯೇ ಆಡಲು ಹೊರಟಿತು, ಅವಳು ಹಿಡಿದು ನಿಲ್ಲಿಸಿದಳು, ಅಂಗೈ ಎದುರಿಗೇ ಇದೆ, ಕದಲದ ಮುಖದ ಎದುರು ಬರಿಯ ಅಂಗೈ. ಇಲ್ಲಪ್ಪ. ಹುಡುಗ ಮೈಕನ್ನು ಇನ್ನೂ ಹತ್ತಿರ ತಂದ, ಜನ ಕಾಯ್ತಿದ್ದಾರೆ ಮೇಡಂ, ಒಂದೇ ಮಾತು. ಕಾಯಲಿ, ನಾನು ಹೇಳಲ್ಲ.