ಮಾರಮ್ಮನ ಬೀಸುವ ಪದಕ್ಕೆ ಒಂಬತ್ತು ಅಕ್ಷರ

ಈ ಕಥೆಯನ್ನು ನಾನು ಮೊದಲು ಕೇಳಿದ್ದು ತರೀಕೆರೆಯ ಕಾಮಾಕ್ಷಮ್ಮನವರಿಂದ, 2024ರ ಜನವರಿಯ ಒಂದು ಸಂಜೆ. ತಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ನೆರೆಯ ಹೆಂಗಸರಿಗೆ ಅವರು ಇದನ್ನು ಹೇಳಿದರು.

ಅಜ್ಜಂಪುರದ ತ್ರಿವೇಣಿ ಮೇಡಂ ಸಂಗೀತಶಾಸ್ತ್ರ ಕಲಿಸುತ್ತಿದ್ದರು. ಸ್ವರಲಿಪಿ ಬರೆಯಲು ಅವರ ಹಳೆಯ ಲ್ಯಾಪ್‌ಟಾಪಿನಲ್ಲಿದ್ದದ್ದು ಬಿಟ್ಟಿ ಸಾಫ್ಟ್‌ವೇರ್. ಶಿಷ್ಯರೆಲ್ಲ ಸರದಿಯಲ್ಲಿ ಅದನ್ನೇ ಬಳಸುತ್ತಿದ್ದರು. ಆ ವರ್ಷ ಪರೀಕ್ಷಕರಾಗಿ ಬಂದವರು ಕಡೂರಿನ ಕಾಂತರಾಜು. ಅವರ ತರಗತಿಯಲ್ಲಿ ದುಬಾರಿ ಸಾಫ್ಟ್‌ವೇರ್ ಕೊಳ್ಳದವರಿಗೆ ಪ್ರವೇಶವೇ ಇರಲಿಲ್ಲ.

ಪರೀಕ್ಷೆಗೆ ಮನೆಯ ಹಾಡೊಂದನ್ನು ಸ್ವರಲಿಪಿಯಲ್ಲಿ ಬರೆದು ತರಬೇಕಿತ್ತು. ತೇರ್ಗಡೆಯಾದರೆ ಬೀರೂರಿನ ಶಾಲೆಯೊಂದರಲ್ಲಿ ಮೇಡಂ ಶಿಷ್ಯೆ ಅಶ್ವಿನಿಗೆ ಪಾಠ ಹೇಳುವ ಕೆಲಸ ಸಿಗುವುದಿತ್ತು. ಅವಳು ಅಜ್ಜಿ ಮಾರಮ್ಮನ ರಾಗಿ ಬೀಸುವ ಪದವನ್ನು ಬರೆದಳು. ತಾಳದ ಪ್ರತಿ ಸುತ್ತಿಗೂ ಎಂಟು ಅಕ್ಷರ, ಅಂದರೆ ಎಂಟು ಎಣಿಕೆ. ಮೂರನೆಯ ಸುತ್ತಿಗೆ ಮಾತ್ರ ಒಂಬತ್ತು.

"ಏನಮ್ಮಾ, ಬಿಟ್ಟಿ ಸಾಫ್ಟ್‌ವೇರು ಅಕ್ಷರಾನೂ ಬಿಟ್ಟಿ ಕೊಡ್ತದಾ?" ಎಂದು ಕಾಂತರಾಜು ನಕ್ಕರು. "ನಮ್ದಾಗಿದ್ರೆ ತಪ್ಪು ಅಂತ ಕೆಂಪಗೆ ತೋರಿಸ್ತಿತ್ತು."

"ಇದೂ ತೋರಿಸ್ತು ಸಾರ್. ನಾನೇ ಆ ಸುತ್ತಿಗೆ ಒಂಬತ್ತು ಅಂತ ಸೆಟ್ ಮಾಡ್ದೆ. ಅಜ್ಜಿ ಕಲ್ಲಿನ ಬಾಯಿಗೆ ಕಾಳು ಹಾಕೋದು ಅಲ್ಲೇ."

"ನಾಳೆ ಒಂದಕ್ಷರ ಕಿತ್ತು ತಗೊಂಬಾ. ಇಲ್ಲಾಂದ್ರೆ ಫೇಲು."

ಮನೆಯಲ್ಲಿ ಮಾರಮ್ಮ, "ಕೆಲ್ಸ ಹೋಗ್ತದೆ ಅಂದ್ರೆ ಎಂಟೇ ಬರ್ಕೊಳೇ, ನಾನೇನ್ ಬೈಯಲ್ಲ" ಎಂದಳು. ಅಶ್ವಿನಿ ಒಂದಕ್ಷರ ಅಳಿಸಿ, ಮೇಡಂ ಕೊಟ್ಟು ಕಳಿಸಿದ್ದ ಲ್ಯಾಪ್‌ಟಾಪಿನಲ್ಲಿ ಹಾಡಿಸಿದಳು. ಅದರ ಜೊತೆ ಮಾರಮ್ಮ ಕಲ್ಲು ತಿರುಗಿಸಿದಳು. ಕಾಳು ಹಾಕಲು ಕೈ ಎತ್ತುವಷ್ಟರಲ್ಲಿ ಹಾಡು ಮುಂದೆ ಓಡಿತು. ರಾಗಿ ನೆಲಕ್ಕೆ ಚೆಲ್ಲಿತು.

"ಥೂ, ಇವನೆಂಥ ಅವಸರದವನೇ! ಇವನ್ನ ಕಟ್ಕೊಂಡ್ರೆ ಹಿಟ್ಟಾಗಲ್ಲ" ಎಂದು ಮಾರಮ್ಮ ಲ್ಯಾಪ್‌ಟಾಪನ್ನು ಬೈದಳು.

ಅಶ್ವಿನಿ ಅಕ್ಷರವನ್ನು ಮತ್ತೆ ಸೇರಿಸಿ, ಅದರ ಮೇಲೆ 'ಕಾಳು ಹಾಕುವುದು' ಎಂದು ಬರೆದಳು. ಮರುದಿನ ತ್ರಿವೇಣಿ ಮೇಡಂ ಆ ಹಾಳೆಗೆ ತಮ್ಮ ಸಹಿಯನ್ನೂ ಹಾಕಿದರು.

"ಇಬ್ಬರಿಗೂ ತಲೆ ಕೆಟ್ಟದೆ" ಎಂದರು ಕಾಂತರಾಜು.

"ಫೇಲ್ ಅಂತ ಬರ್ಕೊಳ್ಳಿ ಸಾರ್. ಮುಂದಿನ ವರ್ಷಾನೂ ಒಂಬತ್ತೇ ತರ್ತೀನಿ" ಎಂದಳು ಅಶ್ವಿನಿ.

ಅವರು ಹಾಗೆಯೇ ಬರೆದರು. ಬೀರೂರಿನ ಕೆಲಸ ಬೇರೆಯವರ ಪಾಲಾಯಿತು. ಅಶ್ವಿನಿ ತ್ರಿವೇಣಿ ಮೇಡಂ ಬಳಿಯಲ್ಲೇ ಉಳಿದು, ಅದೇ ಬಿಟ್ಟಿ ಸಾಫ್ಟ್‌ವೇರಿನಲ್ಲಿ ಚಿಕ್ಕ ಮಕ್ಕಳಿಗೆ ಸ್ವರಲಿಪಿ ಕಲಿಸತೊಡಗಿದಳು.

"ಆಮೇಲೆ ಪಾಸಾದ್ಲೇನ್ರೀ?" ಎಂದು ಜಗಲಿಯಲ್ಲಿದ್ದ ಒಬ್ಬಾಕೆ ಕೇಳಿದಳು.

"ಈ ಸಲಾನೂ ಅದೇ ಹಾಳೆ ಕೊಟ್ಟವಳೆ ಕಣ್ರೀ. ರಿಸಲ್ಟ್ ಬಂದಿಲ್ಲ" ಎಂದರು ಕಾಮಾಕ್ಷಮ್ಮ.

"ಕೊಡ್ಲಿ ಬಿಡಿ, ಫೇಲ್ ಮಾಡೋರಿಗೇ ಸಾಕಾಗೋವರ್ಗೂ ಕೊಡ್ಲಿ."

ಹೆಂಗಸರು ಮಡಿಲ ಸಿಪ್ಪೆ ಕೊಡವಿ ಎದ್ದು, ತಂತಮ್ಮ ಮನೆಗಳಿಗೆ ಹೊರಟರು.